ಎರಡು ದೇಶದ ಮಧ್ಯೆ ಬದುಕ್ತಾ ಮೊದಲ ಶಾರ್ಟ್ ಫಿಲ್ಮ್ ಮಾಡೋದು ಹೇಗೆ

ಹೊರದೇಶದಲ್ಲಿರೋ ಹುಡುಗ್ರು ಹುಡ್ಗೀರು ನನ್ನತ್ರ ಜಾಸ್ತಿ ಕೇಳೋ ಪ್ರಶ್ನೆ ಒಂದೇ. ಸಿನಿಮಾ ಮಾಡ್ಬೇಕು ಅಂತ ಆಸೆ ಇದೆ, ಆದ್ರೆ ನಾನಿರೋದು ಇಲ್ಲಿ, ಕಥೆ ಇರೋದು ಅಲ್ಲಿ, ರಜೆ ಸಿಗೋದು ವರ್ಷಕ್ಕೆ ಮೂರು ವಾರ, ಹೇಗೆ ಮಾಡ್ಲಿ ಅಂತ. ನಾನು ಇದುವರೆಗೆ ಮೂರು ಶಾರ್ಟ್ ಫಿಲ್ಮ್ ಮಾಡಿದೀನಿ, ಹೊಟ್ಟೆಪಾಡಿಗೆ ಬೇರೆಯವ್ರ ಸಿನಿಮಾ ಎಡಿಟ್ ಮಾಡ್ತೀನಿ, ಆ ಅನುಭವದ ಮೇಲೆ ಹೇಳೋದಾದ್ರೆ ಈ ಪ್ರಶ್ನೆ ಒಳಗೇ ಒಂದು ತಪ್ಪು ಅಂದಾಜಿದೆ. ನಮ್ಮಂಥೋರ ಕಥೆ ಇರೋದು ಆ ಇಲ್ಲಿಗೂ ಅಲ್ಲಿಗೂ ನಡುವಿನ ದೂರದಲ್ಲೇ, ಅದು ನನಗೆ ಅರ್ಥ ಆಗಿದ್ದು ಮೂರನೇ ಫಿಲ್ಮ್ ಹೊತ್ತಿಗೆ. ನಿಮಗೆ ಅಷ್ಟು ತಡ ಆಗೋದು ಬೇಡ ಅಂತ ಇದನ್ನ ಬರೀತಿದೀನಿ.

ಮೊದಲ ಫಿಲ್ಮ್‌ಗೆ ನಾನು ಮಾಡಿದ್ದು ಎಲ್ಲರೂ ಮಾಡೋದೇ. ರಜೆಗೆ ಮನೆಗೆ ಹೋದವನು ಮೂರು ವಾರ ಕ್ಯಾಮೆರಾ ಕೆಳಗಿಡ್ಲಿಲ್ಲ, ಬೀದಿ, ಬಸ್ಸು, ಸಂಜೆ ಬೆಳಕು, ಅಂಗಳದಲ್ಲಿ ಓಡಾಡೋ ಮಕ್ಕಳು, ಕಿಟಕಿ ಹತ್ರ ಕೂತ ಅಜ್ಜಿ, ಸಿಕ್ಕಿದ್ದೆಲ್ಲ ಶೂಟ್ ಮಾಡ್ಕೊಂಡು ಬಂದೆ. ವಾಪಸ್ ಬಂದು ಎಡಿಟ್‌ಗೆ ಕೂತಾಗ ಗೊತ್ತಾಯ್ತು, ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ನಾನು ತಂದಿದ್ದು ಬರೀ ಆ ನುಣ್ಣನೆ ಬೆಟ್ಟದ ಚಿತ್ರಗಳು. ಇಲ್ಲಿನ ಸ್ನೇಹಿತರು ತುಂಬಾ ಚೆನ್ನಾಗಿದೆ ಅಂದ್ರು, ಮನೆಯವ್ರು ನೋಡಿ ಏನೂ ಹೇಳ್ಲಿಲ್ಲ, ಯಾಕಂದ್ರೆ ಅವರಿಗೆ ಅದರಲ್ಲಿ ನೋಡೋಕೆ ಏನೂ ಇರ್ಲಿಲ್ಲ, ಅದು ಅವರ ದಿನಾ ಬೆಳಗಾದ್ರೆ ಕಾಣೋ ಬೀದಿ. ಆ ಇಡೀ ಫಿಲ್ಮ್‌ನಲ್ಲಿ ಜೀವ ಇದ್ದಿದ್ದು ಒಂದೇ ಕಡೆ, ಎಡಿಟ್ ಮಾಡ್ತಾ ಇದ್ದಾಗ ದೊಡ್ಡಮ್ಮ ಕಳಿಸಿದ ವಾಯ್ಸ್ ನೋಟನ್ನ ಸುಮ್ಮನೆ ಟೈಮ್‌ಲೈನ್ ಮೇಲೆ ಹಾಕಿದ್ದೆ, ಊಟ ಆಯ್ತಾ, ಯಾವಾಗ ಬರ್ತೀಯಾ, ಅಲ್ಲಿ ಚಳಿ ಇದ್ಯಾ ಅಂತ ಮೂವತ್ತು ಸೆಕೆಂಡು, ಮಧ್ಯೆ ಅವರು ಯಾರನ್ನೋ ಕೂಗಿದ್ದು ಬೇರೆ. ಆ ಮೂವತ್ತು ಸೆಕೆಂಡು ಬಂದಾಗ ನೋಡೋರು ಸೀಟಲ್ಲಿ ನೆಟ್ಟಗೆ ಕೂರ್ತಿದ್ರು.

ಇದು ನಾನು ಕಂಡುಹಿಡಿದ ವಿಷ್ಯ ಏನಲ್ಲ. ಬೆಲ್ಜಿಯಂನ ನಿರ್ದೇಶಕಿ ಶಾಂಟಲ್ ಆಕರ್ಮನ್ ಇಪ್ಪತ್ತರ ಆಸುಪಾಸಲ್ಲಿ ನ್ಯೂಯಾರ್ಕ್‌ಗೆ ಹೋಗಿ ಕೆಲಕಾಲ ಇದ್ರು, ಆಗ ಅಮ್ಮ ಬರೆದಿದ್ದ ಕಾಗದಗಳನ್ನ ಆಮೇಲೆ ತಾವೇ ಓದಿ, ಆ ದನಿಯನ್ನ ನ್ಯೂಯಾರ್ಕ್ ಬೀದಿ, ಸಬ್‌ವೇ ದೃಶ್ಯಗಳ ಮೇಲೆ ಹಾಕಿ 1977ರಲ್ಲಿ ನ್ಯೂಸ್ ಫ್ರಮ್ ಹೋಮ್ ಅಂತ ಒಂದು ಸಿನಿಮಾ ಮಾಡಿದ್ರು. ಅಮ್ಮನ ಮನೆ ಒಂದು ಸಲನೂ ತೆರೆ ಮೇಲೆ ಬರಲ್ಲ. ಅಮ್ಮನ ಮಾತು, ಮಗಳು ಇರೋ ಊರು, ಅಷ್ಟೇ. ಕೆಲವು ಸಲ ಕಾರು ರೈಲಿನ ಸದ್ದು ಜೋರಾಗಿ ಕಾಗದದ ಮಾತೇ ಕೇಳಿಸಲ್ಲ, ಅಲ್ಲಿ ದೂರ ಅನ್ನೋದು ಕಿವಿಗೇ ತಾಕತ್ತೆ. ಊರಿಗೆ ಹೋಗೋಕೆ ಟಿಕೆಟ್‌ಗೆ ದುಡ್ಡಿಲ್ಲ ಅಂತ ಕೂತಿರೋರು ಇದನ್ನ ಒಂದ್ಸಲ ನೋಡ್ಲೇಬೇಕು.

ಇರಾನ್‌ನಿಂದ ಬಂದು ಅಮೆರಿಕಾದಲ್ಲಿ ಪಾಠ ಮಾಡಿದ ಹಮೀದ್ ನಫೀಸಿ ಅನ್ನೋ ವಿದ್ವಾಂಸರು 2001ರಲ್ಲಿ ಇಂಥ ಸಿನಿಮಾಗಳ ಬಗ್ಗೆನೇ ಒಂದು ದಪ್ಪ ಪುಸ್ತಕ ಬರೆದ್ರು, ಇಂಥವಕ್ಕೆ ಅವರಿಟ್ಟ ಹೆಸರು ಆಕ್ಸೆಂಟೆಡ್ ಸಿನಿಮಾ, ಅಂದ್ರೆ ಪರದೇಶದವನ ಮಾತಿನ ಧಾಟಿ ಹೇಗೆ ಅಡಗಿಸಿದ್ರೂ ಗೊತ್ತಾಗತ್ತೋ ಹಾಗೆ ಸಿನಿಮಾ ಮಾಡೋ ರೀತಿಯಲ್ಲೂ ಒಂದು ಧಾಟಿ ಇರತ್ತೆ ಅಂತ. ಕಾಗದ, ಫೋನು, ಸೂಟ್‌ಕೇಸು, ಏರ್‌ಪೋರ್ಟು, ಗಡಿ ಇವು ಮತ್ತೆ ಮತ್ತೆ ಬರ್ತವೆ ಅಂತ ಅವರು ತೋರಿಸ್ತಾರೆ. ಇದನ್ನ ಯಾಕೆ ಹೇಳಿದೆ ಅಂದ್ರೆ ನೀವು ಏರ್‌ಪೋರ್ಟ್ ಸೀನ್ ಬರೆದಾಗ ನಿಮಗಿಂತ ಮುಂಚೆ ಐವತ್ತು ವರ್ಷದಿಂದ ಜನ ಅದನ್ನ ಬರೆದಿದಾರೆ ಅನ್ನೋದು ಗೊತ್ತಿರ್ಲಿ. ಬರೀಬೇಡಿ ಅಂತಲ್ಲ. ನಿಮ್ಮ ಅಪ್ಪ ಏರ್‌ಪೋರ್ಟಲ್ಲಿ ಅಳ್ಲಿಲ್ಲ, ಬದಲಿಗೆ ಪಾರ್ಕಿಂಗ್ ಚೀಟಿ ಎಲ್ಲಿಟ್ಟೆ ಅಂತ ಹುಡುಕ್ತಾ ನಿಂತಿದ್ರು ಅಂದ್ರೆ ಆ ಚೀಟಿ ಹುಡುಕೋದನ್ನೇ ಬರೀರಿ.

ಮೊದಲು ಯಾರಿಗೆ ಹೇಳ್ತಿದೀರಾ ಅಂತ ತೀರ್ಮಾನ ಮಾಡಿ

ಸ್ಕ್ರಿಪ್ಟ್ ಬರೆಯೋಕೆ ಮುಂಚೆ ಒಂದು ಹಾಳೆ ಮೇಲೆ ಒಬ್ಬರ ಹೆಸರು ಬರೀರಿ, ಈ ಫಿಲ್ಮ್ ಇವರು ನೋಡ್ಬೇಕು ಅಂತ. ಪ್ರೇಕ್ಷಕರು ಅಂತ ಬರೀಬೇಡಿ, ಒಬ್ಬರ ಹೆಸರು. ತಂಗಿ ಆಗಿರ್ಬಹುದು, ಜೊತೆಗೆ ಬಂದು ಆಮೇಲೆ ವಾಪಸ್ ಹೋದ ಸ್ನೇಹಿತ ಆಗಿರ್ಬಹುದು, ನಿಮ್ಮ ಭಾಷೆ ಬರದ ನಿಮ್ಮ ಮಗಳು ಆಗಿರ್ಬಹುದು. ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ನಮ್ಮಂಥೋರು ಬರೆಯೋ ಸ್ಕ್ರಿಪ್ಟ್‌ನಲ್ಲಿ ಕಾಣೋ ದೊಡ್ಡ ರೋಗ ವಿವರಣೆ. ನಮ್ಮಲ್ಲಿ ಹೀಗೆ, ನಮ್ಮಲ್ಲಿ ಹಾಗೆ ಅಂತ ಪಾತ್ರಗಳು ಒಬ್ಬರಿಗೊಬ್ಬರು ಗೊತ್ತಿರೋ ವಿಷ್ಯಾನೇ ಹೇಳ್ಕೊಳ್ತಿರ್ತಾರೆ, ಯಾಕಂದ್ರೆ ಬರೆಯೋರ ತಲೇಲಿ ಏನೂ ಗೊತ್ತಿಲ್ಲದ ಹೊರಗಿನ ಪ್ರೇಕ್ಷಕ ಕೂತಿರ್ತಾನೆ. ತಂಗಿಗೆ ಹೇಳೋವಾಗ ಅಮ್ಮ ಯಾಕೆ ಫೋನ್ ಇಟ್ಟುಬಿಟ್ರು ಅಂತ ವಿವರಿಸ್ಬೇಕಾಗಿಲ್ಲ, ಅವಳಿಗೆ ಗೊತ್ತು. ಹೊರಗಿನವನಿಗೂ ಅರ್ಥ ಆಗತ್ತೆ, ಎಲ್ಲಾ ಅರ್ಥ ಆಗದಿದ್ರೂ ಏನೋ ಇದೆ ಅಂತ ಬಗ್ಗಿ ನೋಡ್ತಾನೆ, ಅದು ಸಾಕು. ಎಡಿಟಿಂಗ್ ಟೇಬಲ್ ಮೇಲೆ ನಾನು ಇದುವರೆಗೆ ಕತ್ತರಿಸಿ ಎಸೆದಿರೋ ಡೈಲಾಗ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಥ ವಿವರಣೆಗಳೇ, ತೆಗೆದ ಮೇಲೆ ಒಂದು ಸಲನೂ ಯಾರೂ ಅರ್ಥ ಆಗ್ಲಿಲ್ಲ ಅಂದಿಲ್ಲ.

ಇನ್ನೊಂದು ಮಾತು, ನೀವು ಇಡೀ ಸಮುದಾಯದ ಪ್ರತಿನಿಧಿ ಅಲ್ಲ. ನಮ್ಮೋರನ್ನ ಒಳ್ಳೆಯವರಾಗಿ ತೋರಿಸ್ಬೇಕು ಅಂತ ಒಂದು ಭಾರ ಹೆಗಲ ಮೇಲೆ ಬಂದು ಕೂರತ್ತೆ, ಅದು ಬಂದ ತಕ್ಷಣ ಪಾತ್ರಗಳು ಮೆದು ಆಗ್ತವೆ, ಯಾರಿಗೂ ಸಿಟ್ಟು ಬರಲ್ಲ, ಯಾರೂ ಸುಳ್ಳು ಹೇಳಲ್ಲ. ಹಾಳೆ ಮೇಲೆ ಬರೆದ ಆ ಒಂದು ಹೆಸರು ಈ ಭಾರಾನ ಇಳಿಸೋಕೂ ಸಹಾಯ ಮಾಡತ್ತೆ.

ಸಾಮಗ್ರಿ ಕೂಡಿಸೋದು

ಆರು ತಿಂಗಳು ಕ್ಯಾಮೆರಾ ಕೊಳ್ಳೋಕೆ ಹೋಗ್ಬೇಡಿ. ಅಷ್ಟರಲ್ಲಿ ಈ ಕೆಲಸ ಮಾಡಿ.

ನಿಮ್ಮ ಫೋನಲ್ಲಿರೋ ವಾಯ್ಸ್ ನೋಟುಗಳನ್ನ ಎಕ್ಸ್‌ಪೋರ್ಟ್ ಮಾಡಿ ಒಂದು ಫೋಲ್ಡರ್‌ಗೆ ಹಾಕಿ, ಫೈಲ್ ಹೆಸರಲ್ಲಿ ತಾರೀಖು ಮತ್ತೆ ಯಾರದ್ದು ಅಂತ ಬರೀರಿ. ಫೋನ್ ಬದಲಾಯಿಸೋವಾಗ ಮೊದಲು ಕಳೆದುಹೋಗೋದು ಇವೇ. ಇದರ ಜೊತೆ ಒಂದು ಡೈರಿ ಇಡಿ, ಮನೆಗೆ ಕರೆ ಮಾಡಿದಾಗಲೆಲ್ಲ ಮಾತಾಡಿದ ವಿಷ್ಯ ಬೇಡ, ಮಾತಾಡದೇ ಬಿಟ್ಟ ವಿಷ್ಯ ಒಂದು ಸಾಲು ಬರೀರಿ. ಕೆಲಸ ಹೋಗಿದ್ದನ್ನ ಹೇಳ್ಲಿಲ್ಲ, ಅವರು ಆಸ್ಪತ್ರೆಗೆ ಹೋಗಿದ್ದನ್ನ ಹೇಳ್ಲಿಲ್ಲ, ಹೀಗೆ. ಎರಡು ತಿಂಗಳಾದ್ಮೇಲೆ ಆ ಡೈರಿ ಓದಿ, ನಿಮ್ಮ ಫಿಲ್ಮ್ ಅದರಲ್ಲೇ ಇರತ್ತೆ ಅಂತ ನನಗೆ ಗಟ್ಟಿ ನಂಬಿಕೆ, ನನ್ನ ಮೂರನೇ ಫಿಲ್ಮ್ ಸಿಕ್ಕಿದ್ದು ಹಾಗೇ.

ಮನೇಲಿ ಹಳೇ ವಿಡಿಯೋ ಕ್ಯಾಸೆಟ್ ಇದ್ರೆ ತಡ ಮಾಡ್ದೇ ಡಿಜಿಟೈಸ್ ಮಾಡಿಸಿ, ವಿಎಚ್‌ಎಸ್ ಆಗ್ಲಿ ಹೈ8 ಆಗ್ಲಿ ಮಿನಿ ಡಿವಿ ಆಗ್ಲಿ, ಮ್ಯಾಗ್ನೆಟಿಕ್ ಟೇಪ್ ವರ್ಷ ವರ್ಷ ಹಾಳಾಗ್ತಾ ಹೋಗತ್ತೆ, ಅದನ್ನ ಓಡಿಸೋ ಪ್ಲೇಯರುಗಳೂ ಕಮ್ಮಿ ಆಗ್ತಿವೆ. ಇಲ್ಲಿ ನಮ್ಮಂಥೋರಿಗೆ ಮಾತ್ರ ಬರೋ ಒಂದು ತೊಡಕಿದೆ. ಭಾರತ, ಯುರೋಪಿನ ಹೆಚ್ಚಿನ ಕಡೆ ರೆಕಾರ್ಡ್ ಆದ ಟೇಪು ಪಾಲ್ ಅನ್ನೋ ವಿಡಿಯೋ ಪದ್ಧತಿಯದ್ದು, ಸೆಕೆಂಡಿಗೆ 25 ಫ್ರೇಮ್, ಅಮೆರಿಕಾ ಕೆನಡಾ ಕಡೇದು ಎನ್‌ಟಿಎಸ್‌ಸಿ ಪದ್ಧತಿ, 29.97 ಫ್ರೇಮ್. ಒಂದೇ ಕುಟುಂಬದ ಡಬ್ಬಿಯಲ್ಲಿ ಎರಡೂ ಇರ್ತವೆ, ಇಲ್ಲಿಂದ ಕಳಿಸಿದ ಟೇಪು ಅಲ್ಲಿ, ಅಲ್ಲಿಂದ ಬಂದಿದ್ದು ಇಲ್ಲಿ. ಅಂಗಡಿಯವ್ರು ಎಲ್ಲಾನೂ ಒಂದೇ ಫಾರ್ಮ್ಯಾಟ್‌ಗೆ ಬದಲಾಯಿಸಿ ಚಿಕ್ಕ ಎಂಪಿ4 ಮಾಡಿ ಕೊಟ್ಟುಬಿಡ್ತಾರೆ, ಬೇಡ ಅನ್ನಿ. ಟೇಪು ಯಾವ ಫ್ರೇಮ್ ರೇಟ್‌ನಲ್ಲಿದ್ಯೋ ಅದರಲ್ಲೇ, ಇಂಟರ್‌ಲೇಸ್ (ಒಂದು ಫ್ರೇಮನ್ನ ಸಾಲು ಬಿಟ್ಟು ಸಾಲು ಎರಡು ಭಾಗ ಮಾಡಿ ರೆಕಾರ್ಡ್ ಮಾಡಿರೋ ರೀತಿ) ತೆಗೀದೇ, ಆದಷ್ಟು ಕಮ್ಮಿ ಕಂಪ್ರೆಸ್ ಮಾಡಿ ಒಂದು ಮಾಸ್ಟರ್ ಕೇಳಿ, ಬದಲಾವಣೆ ಎಲ್ಲಾ ಆಮೇಲೆ ನೀವೇ ಎಡಿಟ್‌ನಲ್ಲಿ ಮಾಡ್ಕೋಬಹುದು. ಕಾಪಿ ಮೂರು ಇರ್ಲಿ, ಎರಡು ಬೇರೆ ಬೇರೆ ಥರದ ಡಿಸ್ಕ್‌ನಲ್ಲಿ, ಒಂದು ಮನೆಯಿಂದಾಚೆ. ಎರಡು ದೇಶದಲ್ಲಿ ಮನೆ ಇರೋದ್ರ ಒಂದು ಲಾಭ ಇದು, ಮೂರನೇ ಕಾಪಿ ಅಮ್ಮನ ಬೀರುವಿನಲ್ಲಿಡಿ.

ದೂರದಿಂದಲೇ ಇಂಟರ್‌ವ್ಯೂ ಮಾಡೋದಾದ್ರೆ ವಿಡಿಯೋ ಕಾಲ್‌ನ ರೆಕಾರ್ಡಿಂಗನ್ನೇ ನಂಬ್ಕೋಬೇಡಿ, ನೆಟ್ ಸ್ವಲ್ಪ ಕೈಕೊಟ್ರೂ ದನಿ ಒಡೆಯತ್ತೆ. ಆ ಕಡೆ ಒಬ್ಬರಿಗೆ ಹೇಳಿ ಇನ್ನೊಂದು ಫೋನನ್ನ ಅವರ ಪಕ್ಕ ಟೇಬಲ್ ಮೇಲಿಟ್ಟು ರೆಕಾರ್ಡರ್ ಆನ್ ಮಾಡಿಸಿ, ಈ ಕಡೆ ನಿಮ್ಮ ದನಿನೂ ಬೇರೆ ರೆಕಾರ್ಡ್ ಮಾಡ್ಕೊಳ್ಳಿ, ಶುರುವಲ್ಲಿ ಅವರಿಗೆ ಒಂದು ಚಪ್ಪಾಳೆ ತಟ್ಟೋಕೆ ಹೇಳಿ, ಆಮೇಲೆ ಎಲ್ಲಾ ರೆಕಾರ್ಡಿಂಗನ್ನ ಒಂದಕ್ಕೊಂದು ಹೊಂದಿಸೋಕೆ, ಅಂದ್ರೆ ಸಿಂಕ್ ಮಾಡೋಕೆ, ಅದೇ ಸಾಕು. ಕೊನೆಗೆ ಒಂದು ನಿಮಿಷ ಯಾರೂ ಮಾತಾಡದೇ ಸುಮ್ಮನೆ ಕೂರ್ಲಿ, ಆ ಕೋಣೆಯ ಮೌನ ನಿಮಗೆ ಎಡಿಟ್‌ನಲ್ಲಿ ಬಂಗಾರ. ಫ್ಯಾನ್ ಸದ್ದು, ಹೊರಗೆ ಹೋಗೋ ಗಾಡಿ ಸದ್ದು, ಇದನ್ನ ಯಾವ ಸೌಂಡ್ ಲೈಬ್ರರಿಯಿಂದ ತಂದ್ರೂ ಆ ಮನೆಯವ್ರಿಗೆ ಸುಳ್ಳು ಅಂತ ಗೊತ್ತಾಗ್ಬಿಡತ್ತೆ.

ಎರಡೂ ಕಡೆ ಶೂಟ್ ಮಾಡೋವಾಗ

ಎರಡನೇ ಫಿಲ್ಮ್‌ನಲ್ಲಿ ನನಗಾದ ನಷ್ಟ ಹೇಳ್ತೀನಿ, ಅಜ್ಜಿಯ ನಲವತ್ತು ನಿಮಿಷದ ಇಂಟರ್‌ವ್ಯೂ, ಟ್ಯೂಬ್‌ಲೈಟ್ ಕೆಳಗೆ, ನಾನು ಕ್ಯಾಮೆರಾ ಸೆಟಿಂಗ್ ಬದಲಾಯಿಸದೇ ಶೂಟ್ ಮಾಡಿದ್ದೆ. ಇಡೀ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಉರುಳ್ತಾ ಇದ್ವು. ಕ್ಯಾಮೆರಾದ ಚಿಕ್ಕ ಸ್ಕ್ರೀನಲ್ಲಿ ಕಾಣಿಸಿರ್ಲಿಲ್ಲ, ಇಲ್ಲಿ ಬಂದು ದೊಡ್ಡ ಮಾನಿಟರ್ ಮೇಲೆ ಹಾಕಿದಾಗ ಕಾಣಿಸ್ತು. ಅಷ್ಟರಲ್ಲಿ ಅಜ್ಜಿ ಇರ್ಲಿಲ್ಲ. ಆ ಇಂಟರ್‌ವ್ಯೂದಲ್ಲಿ ನಾನು ಉಪಯೋಗಿಸೋಕಾಗಿದ್ದು ದನಿ ಮಾತ್ರ.

ಕಾರಣ ತುಂಬಾ ಸರಳ. ಭಾರತ, ಯುರೋಪು, ಆಫ್ರಿಕಾದ ಬಹುಪಾಲು ದೇಶಗಳಲ್ಲಿ ಕರೆಂಟು 50 ಹರ್ಟ್ಸ್, ಉತ್ತರ ಅಮೆರಿಕಾದಲ್ಲಿ 60. ಲೈಟುಗಳು ಅದರ ಎರಡರಷ್ಟು ವೇಗದಲ್ಲಿ ಮಿಣುಗ್ತಿರ್ತವೆ, ಕಣ್ಣಿಗೆ ಕಾಣಲ್ಲ, ಶಟರ್‌ಗೆ ಕಾಣತ್ತೆ. 50 ಹರ್ಟ್ಸ್ ಇರೋ ಕಡೆ ಶಟರ್ ಸ್ಪೀಡ್, ಅಂದ್ರೆ ಒಂದೊಂದು ಫ್ರೇಮ್‌ಗೆ ಬೆಳಕು ಬೀಳೋ ಹೊತ್ತು, ಸೆಕೆಂಡಿನ 1/50 ಅಥವಾ 1/100 ಇಡಿ, 60 ಇರೋ ಕಡೆ 1/60 ಅಥವಾ 1/120. ಕೆಲವು ಕ್ಯಾಮೆರಾಗಳಲ್ಲಿ ಇದನ್ನೇ ಡಿಗ್ರಿ ಲೆಕ್ಕದಲ್ಲಿ ಶಟರ್ ಆಂಗಲ್ ಅಂತ ಕೊಟ್ಟಿರ್ತಾರೆ, ಹಾಗೆ ಹೇಳೋದಾದ್ರೆ 24 ಫ್ರೇಮ್‌ಗೆ 50 ಹರ್ಟ್ಸ್‌ನಲ್ಲಿ 172.8 ಡಿಗ್ರಿ, 60ರಲ್ಲಿ 144. ಫ್ರೇಮ್ ರೇಟ್ ಮಾತ್ರ ಎರಡೂ ದೇಶದಲ್ಲಿ ಒಂದೇ ಇಡಿ, 24 ಅಂದ್ರೆ 24, ಅಲ್ಲಿ 25 ಇಲ್ಲಿ 30 ಅಂತ ಮಾಡಿದ್ರೆ ಎಡಿಟ್‌ನಲ್ಲಿ ಚಲನೆ ಜರ್ಕ್ ಹೊಡೆಯತ್ತೆ. ಫೋನಲ್ಲಿ ಶೂಟ್ ಮಾಡೋರು ಮ್ಯಾನುವಲ್ ಕಂಟ್ರೋಲ್ ಇರೋ ಆಪ್ ಹಾಕ್ಕೊಳ್ಳಿ, ಫೋನಿನ ಮಾಮೂಲಿ ಕ್ಯಾಮೆರಾ ಫ್ರೇಮ್ ರೇಟನ್ನ ತಾನೇ ಏರಿಸಿ ಇಳಿಸಿ ಮಾಡತ್ತೆ, ಆಮೇಲೆ ಸೌಂಡ್ ಸಿಂಕ್ ತಪ್ಪತ್ತೆ. ಸೌಂಡ್ ರೆಕಾರ್ಡಿಂಗ್ ಸೆಟಿಂಗ್ 48 ಕಿಲೋಹರ್ಟ್ಸ್, 24 ಬಿಟ್ ಇರ್ಲಿ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಅನ್ನೋ ಸಾಫ್ಟ್‌ವೇರ್‌ನ ಫ್ರೀ ವರ್ಶನ್ ಮೊದಲ ಫಿಲ್ಮ್‌ಗೆ ಧಾರಾಳ ಸಾಕು, ಕಲರ್ ಸೌಂಡ್ ಎರಡೂ ಅದರಲ್ಲೇ ಆಗತ್ತೆ.

ವಿಮಾನದಲ್ಲಿ ಸ್ಪೇರ್ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರ್ಬೇಕು, ಚೆಕ್-ಇನ್ ಬ್ಯಾಗಲ್ಲಿ ಹಾಕೋಹಾಗಿಲ್ಲ. 100 ವಾಟ್-ಅವರ್ (ಬ್ಯಾಟರಿ ಶಕ್ತಿಯ ಅಳತೆ) ತನಕ ಮಾಮೂಲಿಯಾಗಿ ಬಿಡ್ತಾರೆ, 100ರಿಂದ 160 ಇದ್ರೆ ಏರ್‌ಲೈನ್ ಒಪ್ಪಿಗೆ ಬೇಕು, ಅದೂ ಎರಡೇ. ದೊಡ್ಡ ಕ್ಯಾಮೆರಾ ಲೆನ್ಸ್ ಎಲ್ಲಾ ಒಯ್ಯೋದಾದ್ರೆ ಎಟಿಎ ಕಾರ್ನೆ ಅಂತ ಒಂದು ಕಸ್ಟಮ್ಸ್ ಕಾಗದ ಇದೆ, ಅದನ್ನ ಒಪ್ಪೋ ದೇಶಗಳಿಗೆ ಸಾಮಾನು ತಾತ್ಕಾಲಿಕವಾಗಿ ತಗೊಂಡು ಹೋಗಿ ಸುಂಕ ಕಟ್ಟದೇ ವಾಪಸ್ ತರ್ಬಹುದು, ಸಾಮಾನ್ಯವಾಗಿ ಒಂದು ವರ್ಷದವರೆಗೆ ನಡೆಯತ್ತೆ. ವೀಸಾ ವಿಷ್ಯ ಸದರ ಮಾಡ್ಕೋಬೇಡಿ, ನೀವು ಹುಟ್ಟಿದ ದೇಶವೇ ಆದ್ರೂ ಪಾಸ್‌ಪೋರ್ಟ್ ಬದಲಾಗಿದ್ರೆ ಶೂಟಿಂಗ್ ನಿಯಮದ ಕಣ್ಣಲ್ಲಿ ನೀವು ಪರದೇಶಿ ಆಗಿರ್ಬಹುದು, ಆ ದೇಶದ ರಾಯಭಾರ ಕಚೇರಿಗೆ ಬರೆದು ಲಿಖಿತ ಉತ್ತರ ತಗೊಳ್ಳಿ. ಈ ಮಾತು ಮೊದಲ ಸಲ ಕೇಳಿಸ್ಕೊಂಡಾಗ ಎದೆಗೆ ಚುಚ್ಚತ್ತೆ, ನನಗೂ ಚುಚ್ಚಿತ್ತು.

ಭಾಷೆ

ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿನೇ ಮಾತಾಡ್ತೀನಿ, ಯಾಕಂದ್ರೆ ನನ್ನ ಪ್ರಕಾರ ನಮ್ಮಂಥೋರ ಸಿನಿಮಾ ಉಳಿಯೋದು ಬೀಳೋದು ಎರಡೂ ಇಲ್ಲೇ.

ಡೈಲಾಗನ್ನ ಪಾತ್ರ ಯಾವ ಭಾಷೇಲಿ ಮಾತಾಡತ್ತೋ ಅದೇ ಭಾಷೇಲಿ, ಅದೇ ಲಿಪಿಯಲ್ಲಿ ಬರೀರಿ. ಇಂಗ್ಲಿಷಲ್ಲಿ ಬರೆದು ಸೆಟ್‌ನಲ್ಲಿ ನಟರಿಗೆ ಅನುವಾದ ಮಾಡ್ಕೊಳ್ಳಿ ಅಂದ್ರೆ ಅನುವಾದದ ವಾಸನೆ ಕೊನೇವರೆಗೂ ಹೋಗಲ್ಲ. ಇಂಗ್ಲಿಷ್ ಸ್ಕ್ರಿಪ್ಟ್ ಫಂಡಿಂಗ್‌ಗೆ ಬೇಕಾಗತ್ತೆ, ಅದನ್ನ ಆಮೇಲೆ ಬೇರೆ ಮಾಡಿ. ಮತ್ತೆ ಮನೇಲಿ ಜನ ನಿಜಕ್ಕೂ ಹೇಗೆ ಮಾತಾಡ್ತಾರೆ ಅಂತ ಕಿವಿಗೊಡಿ. ಅಮ್ಮ ಒಂದು ಭಾಷೇಲಿ ಕೇಳ್ತಾರೆ, ಮಗ ಇನ್ನೊಂದರಲ್ಲಿ ಉತ್ತರ ಕೊಡ್ತಾನೆ, ಇಬ್ಬರಿಗೂ ಅದು ವಿಚಿತ್ರ ಅನ್ಸಲ್ಲ. ಜಗಳ ಜೋರಾದಾಗ ಯಾರು ಯಾವ ಭಾಷೆಗೆ ಜಾರ್ತಾರೆ ಅನ್ನೋದ್ರಲ್ಲೇ ಯಾರ ಕೈ ಮೇಲಾಗ್ತಿದೆ ಅಂತ ಗೊತ್ತಾಗತ್ತೆ. ಹೊರದೇಶದಲ್ಲೇ ಹುಟ್ಟಿ ಬೆಳೆದ ನಟನ ಉಚ್ಚಾರ ಸರಿ ಇಲ್ಲ ಅಂದ್ರೆ ತಿದ್ದೋಕೆ ಮುಂಚೆ ಯೋಚ್ನೆ ಮಾಡಿ, ಆ ಪಾತ್ರನೂ ಅಲ್ಲೇ ಹುಟ್ಟಿ ಬೆಳೆದಿದ್ರೆ ಆ ತೊದಲು ಉಚ್ಚಾರನೇ ಪಾತ್ರದ ಸತ್ಯ.

ಸಬ್‌ಟೈಟಲ್ ಕೊನೇ ದಿನ ರಾತ್ರಿ ಕೂತು ಮಾಡೋ ಕೆಲಸ ಅಲ್ಲ, ನಿಮ್ಮ ಭಾಷೆ ಬರದ ಪ್ರೇಕ್ಷಕನ ಮಟ್ಟಿಗೆ ನಿಮ್ಮ ಬರವಣಿಗೆ ಅಂದ್ರೆ ಅದೊಂದೇ. ಒಂದು ಸಾಲಿಗೆ ಸುಮಾರು 42 ಅಕ್ಷರ, ಒಂದು ಸಲಕ್ಕೆ ಎರಡೇ ಸಾಲು ಅನ್ನೋದು ಇಂಗ್ಲಿಷ್ ಸಬ್‌ಟೈಟಲ್‌ಗೆ ಚಾಲ್ತಿಯಲ್ಲಿರೋ ಅಳತೆ, ಹಾಗಾಗಿ ಹೇಳಿದ್ದೆಲ್ಲ ಹಿಡಿಸೋಕಾಗಲ್ಲ, ಯಾವುದು ಬಿಡ್ಬೇಕು ಅಂತ ನೀವೇ ತೀರ್ಮಾನ ಮಾಡ್ಬೇಕು. ಅಕ್ಕ, ಅತ್ತಿಗೆ, ಚಿಕ್ಕಪ್ಪ ಇಂಥ ಪದಗಳನ್ನ ಬರೀ ಹೆಸರಾಗಿ ಬದಲಾಯಿಸ್ಬೇಡಿ, ಕಿವಿಗೆ ಕೇಳಿಸ್ತಿರೋದು ಒಂದು, ಕಣ್ಣಿಗೆ ಕಾಣ್ತಿರೋದು ಇನ್ನೊಂದು ಆದ್ರೆ ನೋಡೋನಿಗೆ ಗೊಂದಲ. ಬೇಕು ಅಂತಲೇ ಕೆಲವು ಮಾತಿಗೆ ಸಬ್‌ಟೈಟಲ್ ಕೊಡದೇ ಇರೋದೂ ಒಂದು ಆಯ್ಕೆ, ಮೊಮ್ಮಗಳಿಗೆ ಅರ್ಥ ಆಗದ ಮಾತು ಪ್ರೇಕ್ಷಕನಿಗೂ ಆಗದೇ ಇರ್ಲಿ ಅಂತ, ಆದ್ರೆ ಅದನ್ನ ಒಂದು ಕಡೆ ಮಾಡಿದ್ರೆ ಸಾಕು.

ಭಾಷೆ ಆಯ್ಕೆಯಿಂದ ಹೊರಗಡೆ ಏನಾಗತ್ತೆ ಅಂತಲೂ ತಿಳ್ಕೊಂಡಿರಿ. ಲೀ ಐಸಾಕ್ ಚಂಗ್ ಅವರ ಮಿನಾರಿ 2020ರ ಸಿನಿಮಾ, ಅಮೆರಿಕಾದಲ್ಲಿ ಹುಟ್ಟಿದ ನಿರ್ದೇಶಕ, ಅಮೆರಿಕಾದ ಕಥೆ, ಅಮೆರಿಕಾದ ನಿರ್ಮಾಣ. ಮಾತು ಹೆಚ್ಚಾಗಿ ಕೊರಿಯನ್ ಭಾಷೇಲಿ ಇತ್ತು ಅನ್ನೋ ಕಾರಣಕ್ಕೆ 2021ರ ಗೋಲ್ಡನ್ ಗ್ಲೋಬ್ ಪ್ರಶಸ್ತಿಯಲ್ಲಿ ಅದು ವಿದೇಶಿ ಭಾಷೆ ವಿಭಾಗಕ್ಕೆ ಹೋಯ್ತು, ಅಲ್ಲಿ ಗೆಲ್ತು ಕೂಡ. ತುಂಬಾ ಜನ ಇದು ಅನ್ಯಾಯ ಅಂದ್ರು, ನಾನೂ ಹಾಗೇ ಅಂತೀನಿ. ಆದ್ರೆ ಆ ಕುಟುಂಬ ಇಂಗ್ಲಿಷಲ್ಲಿ ಮಾತಾಡಿದ್ರೆ ಆ ಸಿನಿಮಾನೇ ಇರ್ತಿರ್ಲಿಲ್ಲ.

ಮನೆಯವ್ರನ್ನ ತೆರೆ ಮೇಲೆ ತರೋದು

ಅಮೆರಿಕಾದ ನಿರ್ದೇಶಕಿ ಲುಲು ವಾಂಗ್ ಅವರ ಅಜ್ಜಿಗೆ ಕ್ಯಾನ್ಸರ್ ಅಂತ ಗೊತ್ತಾದಾಗ ಮನೆಯವ್ರು ಅಜ್ಜಿಗೆ ಅದನ್ನ ಹೇಳ್ಲಿಲ್ಲ, ಒಂದು ಮದುವೆ ನೆಪ ಮಾಡಿ ಎಲ್ಲರೂ ಚೀನಾದಲ್ಲಿ ಸೇರಿದ್ರು. ವಾಂಗ್ ಈ ಕಥೇನ ಮೊದಲು ಹೇಳಿದ್ದು ರೇಡಿಯೋದಲ್ಲಿ, 2016ರಲ್ಲಿ ದಿಸ್ ಅಮೆರಿಕನ್ ಲೈಫ್ ಅನ್ನೋ ಕಾರ್ಯಕ್ರಮದಲ್ಲಿ. ಅದರಿಂದ 2019ರಲ್ಲಿ ದಿ ಫೇರ್‌ವೆಲ್ ಸಿನಿಮಾ ಆಯ್ತು. ಶೂಟಿಂಗ್ ಅಜ್ಜಿ ಇದ್ದ ಊರಲ್ಲೇ ನಡೀತು, ಚಿಕ್ಕಜ್ಜಿ ತಮ್ಮ ಪಾತ್ರ ತಾವೇ ಮಾಡಿದ್ರು, ಆಗಲೂ ಅಜ್ಜಿಗೆ ಕಥೆ ಏನು ಅಂತ ಗೊತ್ತಿರ್ಲಿಲ್ಲ. ಇದರಿಂದ ಎರಡು ವಿಷ್ಯ ಕಲೀಬಹುದು. ಒಂದು, ಕಥೇನ ಮೊದಲು ಕಮ್ಮಿ ಖರ್ಚಿನ ರೂಪದಲ್ಲಿ ಹೇಳಿ ನೋಡ್ಬಹುದು, ಆಡಿಯೋ ಆಗ್ಲಿ ಬರಹ ಆಗ್ಲಿ, ಕೇಳೋರ ಮುಖದಲ್ಲಿ ಕಥೆ ಎಲ್ಲಿ ಗಟ್ಟಿ ಇದೆ ಅಂತ ಕಾಣತ್ತೆ. ಎರಡನೇದು ಸ್ವಲ್ಪ ಕಷ್ಟದ್ದು, ಮನೆಯ ಗುಟ್ಟು ನಿಮ್ಮೊಬ್ಬರ ಸ್ವತ್ತಲ್ಲ.

ನಾನು ಪಾಲಿಸೋದು ಹೀಗೆ. ಡಾಕ್ಯುಮೆಂಟರಿ ಆದ್ರೆ ಕ್ಯಾಮೆರಾ ಮುಂದೆ ಬರೋರಿಗೆ ಇದು ಎಲ್ಲೆಲ್ಲಿ ತೋರಿಸ್ತೀನಿ ಅಂತ ಅವರ ಭಾಷೇಲಿ ಹೇಳಿ, ಅವರ ಭಾಷೇಲೇ ಬರೆದ ಒಪ್ಪಿಗೆ ಪತ್ರಕ್ಕೆ ಸಹಿ ತಗೋತೀನಿ, ಸ್ವಂತ ಅಮ್ಮ ಆದ್ರೂ. ನಾಳೆ ಯಾವುದಾದ್ರೂ ಚಾನೆಲ್ ತಗೊಳ್ಳೋಕೆ ಬಂದ್ರೆ ಮೊದಲು ಕೇಳೋದು ಆ ಕಾಗದಾನೇ. ಆದ್ರೆ ಸಹಿ ಬೇರೆ, ಮನಸ್ಸು ಬೇರೆ. ಎಡಿಟ್ ಮುಗಿಯೋಕೆ ಮುಂಚೆ, ಬದಲಾಯಿಸೋಕೆ ಆಗೋ ಹಂತದಲ್ಲೇ ಅವರಿಗೆ ತೋರಿಸಿ. ನನ್ನ ಮೂರನೇ ಫಿಲ್ಮ್‌ನಲ್ಲಿ ಅತ್ತೆ ಒಬ್ಬರು ಒಂದು ಸಾಲು ತೆಗೆದುಬಿಡು ಅಂದ್ರು, ನನಗೆ ಅದು ಇಡೀ ಫಿಲ್ಮ್‌ನ ಬೆನ್ನೆಲುಬು ಅನ್ನಿಸಿತ್ತು, ಎರಡು ವಾರ ಒದ್ದಾಡಿ ಕೊನೆಗೆ ತೆಗೆದೆ. ಅವರು ಆ ಮನೇಲೇ ಬದುಕ್ಬೇಕು, ನಾನು ವಿಮಾನ ಹತ್ತಿ ಬಂದುಬಿಡ್ತೀನಿ.

ದುಡ್ಡು, ಲ್ಯಾಬು, ಫೆಸ್ಟಿವಲ್ಲು

ಮೊದಲ ಶಾರ್ಟ್‌ಗೆ ಸಾಲ ಮಾಡ್ಬೇಡಿ. ಶಾರ್ಟ್ ಫಿಲ್ಮ್‌ನಿಂದ ದುಡ್ಡು ವಾಪಸ್ ಬರೋದು ತೀರಾ ಅಪರೂಪ, ಅದು ಮುಂದಿನ ಬಾಗಿಲು ತೆಗೆಯೋ ಕೀಲಿ ಅಷ್ಟೇ. ನಿರ್ದೇಶಕಿ ಮತಿ ದಿಯೋಪ್ ಅವರನ್ನ ನೋಡಿ, ಪ್ಯಾರಿಸ್‌ನಲ್ಲಿ ಹುಟ್ಟಿದವ್ರು, ಅಪ್ಪನ ಕಡೆಯಿಂದ ಸೆನೆಗಲ್. 2009ರಲ್ಲಿ ದಾಕರ್‌ನ ಯುವಕರು ಸಮುದ್ರ ದಾಟೋ ಬಗ್ಗೆ ಮಾತಾಡೋ ಒಂದು ಚಿಕ್ಕ ಫಿಲ್ಮ್ ಮಾಡಿದ್ರು. ಅದೇ ವಸ್ತು ಹತ್ತು ವರ್ಷ ಬಿಟ್ಟು 2019ರಲ್ಲಿ ಅಟ್ಲಾಂಟಿಕ್ಸ್ ಅನ್ನೋ ಫೀಚರ್, ಅಂದ್ರೆ ಪೂರ್ತಿ ಉದ್ದದ ಸಿನಿಮಾ ಆಗಿ ಫ್ರಾನ್ಸ್‌ನ ಕಾನ್ ಫೆಸ್ಟಿವಲ್‌ನಲ್ಲಿ ಗ್ರಾಂಡ್ ಪ್ರಿ ಅನ್ನೋ ದೊಡ್ಡ ಪ್ರಶಸ್ತಿ ತಗೊಂಡ್ತು. ಹತ್ತು ವರ್ಷ. ಮೀರಾ ನಾಯರ್ ಕೂಡ ಮೊದಲು ಹಲವು ವರ್ಷ ಡಾಕ್ಯುಮೆಂಟರಿಗಳನ್ನೇ ಮಾಡಿದ್ರು, 1983ರ ಸೋ ಫಾರ್ ಫ್ರಮ್ ಇಂಡಿಯಾ ಅಂತೂ ನ್ಯೂಯಾರ್ಕ್ ಸಬ್‌ವೇಯಲ್ಲಿ ಪೇಪರ್ ಮಾರೋ ಗಂಡ ಮತ್ತೆ ಭಾರತದಲ್ಲಿ ಉಳಿದ ಹೆಂಡತಿ ಬಗ್ಗೆನೇ ಇರೋದು. 1988ರಲ್ಲಿ ಸಲಾಂ ಬಾಂಬೆಗೆ ಕಾನ್‌ನಲ್ಲಿ ಮೊದಲ ಫೀಚರ್‌ಗೆ ಕೊಡೋ ಕ್ಯಾಮೆರಾ ದೋರ್ ಪ್ರಶಸ್ತಿ ಬರೋ ಹೊತ್ತಿಗೆ ಜನರ ಜೊತೆ ಕೂತು ಕೇಳೋದು ಅವರ ಕೈಗೆ ಹತ್ತಿತ್ತು. ಅಷ್ಟು ವರ್ಷ ಹೊಟ್ಟೆಗೆ ಏನು ಮಾಡ್ತೀರಾ ಅಂತ ಈಗಲೇ ಯೋಚ್ನೆ ಮಾಡಿ. ಎಡಿಟಿಂಗ್, ಸೌಂಡ್, ಸಬ್‌ಟೈಟ್ಲಿಂಗ್ ಇಂಥ ಒಂದು ಕೈಕಸುಬು ಇದ್ರೆ ಸಿನಿಮಾ ಲೋಕದ ಒಳಗೇ ಇದ್ದು ಬಾಡಿಗೆ ಕಟ್ಬಹುದು.

ಫಂಡ್‌ಗೆ ಅರ್ಜಿ ಹಾಕೋವಾಗ ನಮ್ಮಂಥೋರು ಎರಡು ದೋಣಿ ಮೇಲೆ ಕಾಲಿಟ್ಟಿರ್ತೀವಿ. ಕೆಲವು ಫಂಡು ಪೌರತ್ವ ನೋಡ್ತವೆ, ಕೆಲವು ವಾಸ ಎಲ್ಲಿ ಅಂತ ನೋಡ್ತವೆ, ಕೆಲವು ಸಿನಿಮಾ ಎಲ್ಲಿ ಶೂಟ್ ಆಗತ್ತೆ ಅಂತ. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಫೆಸ್ಟಿವಲ್ ಜೊತೆಗಿರೋ ಹುಬರ್ಟ್ ಬಾಲ್ಸ್ ಫಂಡ್ 1988ರಿಂದ ಇದೆ, ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಾ ಇಂಥ ಕಡೆಯ ಫೀಚರ್‌ಗಳಿಗೆ. ಬರ್ಲಿನ್ ಫೆಸ್ಟಿವಲ್ ಹೊಸಬರಿಗೆ ನಡೆಸೋ ಬರ್ಲಿನಾಲೆ ಟ್ಯಾಲೆಂಟ್ಸ್ 2003ರಲ್ಲಿ ಶುರುವಾಗಿದ್ದು, ಅಲ್ಲಿ ಮುಖ್ಯವಾಗಿ ಸಿಗೋದು ಜನರ ಪರಿಚಯ. ಅಮೆರಿಕಾದ ಸನ್‌ಡಾನ್ಸ್ ಇನ್‌ಸ್ಟಿಟ್ಯೂಟ್ ಲ್ಯಾಬುಗಳು, ಅಂದ್ರೆ ಹೊಸ ನಿರ್ದೇಶಕರು ಅನುಭವಿಗಳ ಜೊತೆ ಕೂತು ತಮ್ಮ ಸಿನಿಮಾ ತಿದ್ದೋ ಶಿಬಿರಗಳು, 1981ರಿಂದ ನಡೀತಿವೆ. ಅರ್ಹತೆ ಪುಟ ಪೂರ್ತಿ ಓದಿ, ಅನುಮಾನ ಇದ್ರೆ ಎರಡು ಸಾಲಿನ ಇಮೇಲ್ ಹಾಕಿ ಕೇಳಿ. ಅರ್ಹತೆಯಲ್ಲಿ ಬರೋ ಎಮರ್ಜಿಂಗ್ (ಹೊಸದಾಗಿ ಬರ್ತಿರೋರು) ಅನ್ನೋ ಪದಕ್ಕೆ ಒಬ್ಬೊಬ್ಬರು ಒಂದೊಂದು ಅರ್ಥ ಇಟ್ಕೊಂಡಿರ್ತಾರೆ, ಹೆಚ್ಚಾಗಿ ಎಷ್ಟು ಫೀಚರ್ ಮಾಡಿದೀರಾ ಅನ್ನೋ ಲೆಕ್ಕ, ವಯಸ್ಸಿನ ಲೆಕ್ಕ ಅಲ್ಲ, ನಲವತ್ತೈದಕ್ಕೆ ಶುರು ಮಾಡಿದೀನಿ ಅಂತ ಹಿಂಜರೀಬೇಡಿ.

ಉದ್ದ ಎಷ್ಟಿರ್ಬೇಕು ಅಂತ ಕೇಳ್ತೀರಾ. ಆಸ್ಕರ್ ಲೆಕ್ಕದಲ್ಲಿ ಟೈಟಲ್ ಕಾರ್ಡ್ ಎಲ್ಲಾ ಸೇರಿ 40 ನಿಮಿಷದವರೆಗೆ ಶಾರ್ಟೇ, ಕಾನ್‌ನ ಶಾರ್ಟ್ ಸ್ಪರ್ಧೆಗೆ 15 ನಿಮಿಷ ಮೀರೋಹಾಗಿಲ್ಲ. ಮೊದಲ ಫಿಲ್ಮ್ 12 ನಿಮಿಷದೊಳಗೆ ಮುಗಿಸಿ ಅಂತ ನನ್ನ ಸಲಹೆ, ಒಂದು ಗಂಟೆ ಚಿಲ್ಲರೆ ಪ್ರೋಗ್ರಾಮ್‌ನಲ್ಲಿ ಆರೇಳು ಫಿಲ್ಮ್ ಜೋಡಿಸೋರಿಗೆ 28 ನಿಮಿಷದ ಫಿಲ್ಮ್ ಎಷ್ಟೇ ಚೆನ್ನಾಗಿದ್ರೂ ಜಾಗ ಮಾಡೋದು ಕಷ್ಟ. ಫೆಸ್ಟಿವಲ್‌ಗೆ ಅರ್ಜಿ ಹೆಚ್ಚಾಗಿ ಫಿಲ್ಮ್‌ಫ್ರೀವೇ ಅನ್ನೋ ವೆಬ್‌ಸೈಟ್ ಮೂಲಕ ಹೋಗತ್ತೆ, ಬೇಗ ಹಾಕಿದ್ರೆ ಫೀಸ್ ಕಮ್ಮಿ. ಫ್ರಾನ್ಸ್‌ನ ಕ್ಲೆರ್ಮೊ-ಫೆರಾನ್, ಜರ್ಮನಿಯ ಓಬರ್‌ಹೌಸನ್ ಇವು ಶಾರ್ಟ್‌ಗೆ ಅಂತಲೇ ಇರೋ ಹಳೇ ಫೆಸ್ಟಿವಲ್‌ಗಳು. ನಮ್ಮ ನಮ್ಮ ಸಮುದಾಯದ ಫೆಸ್ಟಿವಲ್‌ಗಳಿಗೂ ಹಾಕಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1982ರಿಂದ ಏಷ್ಯನ್ ಅಮೆರಿಕನ್ ಸಿನಿಮಾಗಳದ್ದು ನಡೀತಿದೆ, ಈಗ ಅದರ ಹೆಸರು ಕಾಮ್‌ಫೆಸ್ಟ್. ಅಲ್ಲಿ ಪ್ರೇಕ್ಷಕರು ಕೇಳೋ ಪ್ರಶ್ನೆಗಳೇ ಬೇರೆ ಥರ ಇರ್ತವೆ, ನಿಮ್ಮ ದೇಶದಲ್ಲಿ ಹೀಗೇನಾ ಅಂತ ಯಾರೂ ಕೇಳಲ್ಲ, ಆ ಅಮ್ಮ ಯಾಕೆ ಫೋನ್ ಇಟ್ರು ಅಂತ ಕೇಳ್ತಾರೆ.

ಎರಡು ಎಚ್ಚರಿಕೆ. ಫಿಲ್ಮ್ ಮುಗಿದ ಖುಷಿಗೆ ಯೂಟ್ಯೂಬಲ್ಲಿ ಪಬ್ಲಿಕ್ ಆಗಿ ಹಾಕ್ಬೇಡಿ, ಎಷ್ಟೋ ಫೆಸ್ಟಿವಲ್‌ಗಳು ಪ್ರೀಮಿಯರ್ ಕೇಳ್ತವೆ, ಅಂದ್ರೆ ಮೊದಲ ಪ್ರದರ್ಶನ ತಮ್ಮಲ್ಲೇ ಆಗ್ಬೇಕು ಅಂತವೆ. ನಾನು ಮೊದಲ ಫಿಲ್ಮನ್ನ ಮನೆಯವ್ರಿಗೆ ಕಾಣ್ಲಿ ಅಂತ ಹಾಕಿದ್ದೆ, ಆಯ್ಕೆ ಆಗಿದ್ದ ಒಂದು ಕಡೆಯಿಂದ ಆ ಕಾರಣಕ್ಕೇ ತೆಗೆದ್ರು, ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ಪಾಸ್‌ವರ್ಡ್ ಇರೋ ಲಿಂಕ್ ಕಳಿಸಿದ್ರೆ ಸಾಕು. ಎರಡನೇದು ಹಾಡು. ಅಮ್ಮನ ರೇಡಿಯೋದಲ್ಲಿ ಹಿಂದೆ ಸಣ್ಣಗೆ ಕೇಳಿಸಿದ ಹಳೇ ಸಿನಿಮಾ ಹಾಡಿಗೂ ಹಕ್ಕು ಬೇಕು, ಹಾಡು ಬರೆದು ಸಂಗೀತ ಕೊಟ್ಟೋರ ಹಕ್ಕು ಬೇರೆ, ಆ ರೆಕಾರ್ಡಿಂಗ್ ಹಕ್ಕು ಬೇರೆ. ಶೂಟ್ ಮಾಡೋವಾಗ ರೇಡಿಯೋ ಆಫ್ ಮಾಡ್ಸಿ, ಅಮ್ಮ ತಾವೇ ಗುನುಗೋ ಹಾಡು ಯಾವುದು ಅಂತಲೂ ಗಮನ ಇಡಿ, ಜನಪದ ಆದ್ರೆ ಒಳ್ಳೇದು.

ನಿಮ್ಮ ಬಗ್ಗೆ ನೀವೇ ಬರೆಯೋದು

ಅರ್ಜಿ ಜೊತೆ ನೂರು ಪದದ ಬಯೋ, ಒಂದು ಪುಟದ ಡೈರೆಕ್ಟರ್ಸ್ ಸ್ಟೇಟ್‌ಮೆಂಟ್ ಕೇಳ್ತಾರೆ, ಇಲ್ಲಿ ತುಂಬಾ ಒಳ್ಳೆ ಜನ ಎಡವೋದು ನೋಡಿದೀನಿ. ಗುರುತು, ಬೇರು, ಎರಡು ಸಂಸ್ಕೃತಿಗಳ ಸಂಗಮ, ನೆನಪು ಮತ್ತು ಸ್ಥಳಾಂತರವನ್ನು ಅನ್ವೇಷಿಸುವ ನಿರ್ದೇಶಕ ಅಂತ ಬರೀತಾರೆ. ಆ ವಾರ ಓದೋರ ಕೈಗೆ ಬಂದಿರೋ ಮುನ್ನೂರು ಅರ್ಜಿಯಲ್ಲೂ ಅದೇ ಇರತ್ತೆ ಅಂದ್ಕೊಳ್ಳಿ. ಬದಲಿಗೆ ನಿಮ್ಮ ಕಣ್ಣು ಎಲ್ಲಿ ನಿಲ್ಲತ್ತೆ ಅಂತ ಬರೀರಿ. ಉದಾಹರಣೆಗೆ, ನಾನು ಫೋನಲ್ಲಿ ಮಾತಾಡೋ ಜನರ ಕೈಗಳನ್ನ ಶೂಟ್ ಮಾಡ್ತೀನಿ, ದೂರದಲ್ಲಿರೋರ ಜೊತೆ ಮಾತಾಡೋವಾಗ ಜನ ಕೈಯಲ್ಲಿ ಏನಾದ್ರೂ ಮಡಿಸ್ತಾ ಇರ್ತಾರೆ ಅಂತ ಕಂಡಿದೀನಿ ಅಂತ ಒಂದು ವಾಕ್ಯ ಇದ್ರೆ ಓದೋರಿಗೆ ಒಂದು ಸಿನಿಮಾ ಕಣ್ಣಿಗೆ ಕಟ್ಟತ್ತೆ. ಆಮೇಲೆ ಈ ಕಥೆ ನೀವೇ ಯಾಕೆ ಹೇಳ್ಬೇಕು ಅನ್ನೋದಕ್ಕೆ ಹುಟ್ಟಿದ ಊರು ಒಂದೇ ಉತ್ತರ ಆಗ್ಬಾರ್ದು, ನೀವು ಎಷ್ಟು ವರ್ಷದಿಂದ ಯಾರ ಜೊತೆ ಈ ಬಗ್ಗೆ ಕೆಲಸ ಮಾಡಿದೀರಾ, ಯಾವ ಬಾಗಿಲು ನಿಮಗೆ ತೆರೆಯತ್ತೆ ಅಂತ ಹೇಳಿ. ಬಯೋದಲ್ಲಿ ಮಾಡಿದ ಫಿಲ್ಮು, ವರ್ಷ, ಎಲ್ಲಿ ತೋರಿಸ್ತು, ಬೇರೆ ಏನು ಕೆಲಸ ಮಾಡ್ತೀರಾ, ಎರಡು ದೇಶದ ಹೆಸರು, ಅಷ್ಟು ಸಾಕು. ಬರೆದು ಮುಗಿಸಿ ಜೋರಾಗಿ ಓದಿ, ನಿಮ್ಮ ತಂಗಿ ಕೇಳಿ ಇದು ನೀನಲ್ಲ ಅಂದ್ರೆ ಮತ್ತೆ ಬರೀರಿ.

ಫಿಲ್ಮ್ ಫೆಸ್ಟಿವಲ್ ಸುತ್ತು ಎಲ್ಲಾ ಮುಗಿದ ಮೇಲೆ ಒಂದು ಹಾರ್ಡ್ ಡಿಸ್ಕ್ ತಗೊಂಡು ಅದರಲ್ಲಿ ಫಿಲ್ಮ್ ಮಾತ್ರ ಅಲ್ಲ, ಶೂಟ್ ಮಾಡಿದ ಪೂರ್ತಿ ಇಂಟರ್‌ವ್ಯೂಗಳು, ಡಿಜಿಟೈಸ್ ಮಾಡಿದ ಹಳೇ ಟೇಪುಗಳು, ಆ ವಾಯ್ಸ್ ನೋಟುಗಳು ಎಲ್ಲಾ ಹಾಕಿ, ಯಾವ ಟಿವಿಯಲ್ಲಾದ್ರೂ ಓಡೋ ಫಾರ್ಮ್ಯಾಟ್‌ನಲ್ಲಿ, ಫೋಲ್ಡರ್ ಹೆಸರು ಮನೆಯವ್ರಿಗೆ ಓದೋಕೆ ಬರೋ ಭಾಷೇಲಿ ಬರೆದು ಅವರ ಕೈಗೆ ಕೊಡಿ. ಅಜ್ಜಿಯ ಆ ನಲವತ್ತು ನಿಮಿಷ ನನ್ನ ಫಿಲ್ಮ್‌ಗೆ ಚಿತ್ರವಾಗಿ ಬರ್ಲಿಲ್ಲ, ಆದ್ರೆ ಆ ಕಪ್ಪು ಪಟ್ಟಿಗಳ ಸಮೇತ ನಮ್ಮ ಮನೆಯವ್ರು ಈಗಲೂ ಅದನ್ನ ಹಾಕ್ಕೊಂಡು ನೋಡ್ತಾರೆ.